18 ವೋಲ್ಟ್ ಪ್ಯಾನೆಲ್ ಜೊತೆ 37 ವೋಲ್ಟ್ ಪ್ಯಾನೆಲ್ ಸೇರಿಸಬಹುದಾ?

ಪ್ರಶ್ನೆ: ಕರೆಂಟ್ ಲೈನ್ ಇಲ್ಲದ ಕಡೆ ಸೋಲಾರ್ ಹಾಕಿಕೊಂಡಿದ್ದೇನೆ. 100 ವ್ಯಾಟ್‌ನ ಹಳೇ ಪ್ಯಾನೆಲ್ ಒಂದಿದೆ, ಈಗ 330 ವ್ಯಾಟ್‌ನದು ಒಂದು ಸಿಕ್ಕಿದೆ. ಎರಡನ್ನೂ ಒಂದೇ ಎಂಪಿಪಿಟಿ (ಪ್ಯಾನೆಲ್ ಅತಿ ಹೆಚ್ಚು ಶಕ್ತಿ ಕೊಡುವ ವೋಲ್ಟೇಜನ್ನು ತಾನೇ ಹುಡುಕಿ ಬ್ಯಾಟರಿ ತುಂಬಿಸುವ) ಕಂಟ್ರೋಲರ್‌ಗೆ ಕೊಟ್ಟರೆ 430 ವ್ಯಾಟ್ ಬರುತ್ತಾ?

ಉತ್ತರ: ಬರುವುದಿಲ್ಲ. ದೊಡ್ಡದೊಂದನ್ನೇ ಹಾಕಿದ್ದರೆ ಎಷ್ಟು ಬರುತ್ತಿತ್ತೋ ಅದಕ್ಕಿಂತಲೂ ಕಡಿಮೆ ಬರುತ್ತದೆ! ಇದನ್ನು ಕೇಳಿದವರು ಮೊದಲು ನಂಬುವುದೇ ಇಲ್ಲ, ಅದಕ್ಕೇ ಲೆಕ್ಕ ಹಾಕಿಯೇ ನೋಡೋಣ.

ವ್ಯಾಟ್ ಮರೆತುಬಿಡಿ. ಪ್ಯಾನೆಲ್ ಬೆನ್ನಿಗೆ ಅಂಟಿಸಿದ ಲೇಬಲ್ ನೋಡಿ. ವಿಎಂಪಿ ಎಂದರೆ ಪ್ಯಾನೆಲ್ ಪೂರ್ತಿ ಶಕ್ತಿ ಕೊಡುವಾಗಿನ ವೋಲ್ಟೇಜ್, ಐಎಂಪಿ ಎಂದರೆ ಆಗ ಹರಿಯುವ ಆಂಪ್ಸ್. ವಿಓಸಿ ಎಂದರೆ ಏನನ್ನೂ ಜೋಡಿಸದೆ ಸುಮ್ನೆ ಬಿಸಿಲಿಗೆ ಇಟ್ಟಾಗಿನ ವೋಲ್ಟೇಜ್. 36 ಸೆಲ್‌ನ 100 ವ್ಯಾಟ್ ಪ್ಯಾನೆಲ್‌ಗೆ ಇವು ಸುಮಾರು 18 ವೋಲ್ಟ್, 5.5 ಆಂಪ್ಸ್, 22 ವೋಲ್ಟ್. 72 ಸೆಲ್‌ನ 330 ವ್ಯಾಟ್‌ನದಕ್ಕೆ ಸುಮಾರು 37, 9 ಮತ್ತು 46. ಲೇಬಲ್ ಅಳಿಸಿಹೋಗಿದ್ದರೆ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಳ್ಳೆ ಬಿಸಿಲಲ್ಲಿ ಪ್ಯಾನೆಲ್ಲಿನ ಎರಡು ವೈರಿಗೆ ಮುಟ್ಟಿಸಿ. ಒಂದು ಸೆಲ್‌ಗೆ 0.6 ವೋಲ್ಟ್ ಆಸುಪಾಸು ಬರುತ್ತದೆ, ಹಾಗಾಗಿ 21, 22 ತೋರಿಸಿದರೆ 36 ಸೆಲ್‌ನದು, 45ರ ಹತ್ತಿರ ಬಂದರೆ 72 ಸೆಲ್‌ನದು.

ಈಗ ಪ್ಯಾರಲಲ್ ಮಾಡಿದಿರಿ ಅಂದುಕೊಳ್ಳಿ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿದ ಮೇಲೆ ಎರಡೂ ಒಂದೇ ವೋಲ್ಟೇಜಿನಲ್ಲಿ ದುಡಿಯಬೇಕು. ಕಂಟ್ರೋಲರ್ 18ರ ಹತ್ತಿರ ನಿಂತರೆ ದೊಡ್ಡ ಪ್ಯಾನೆಲ್ಲಿನ ವೋಲ್ಟೇಜ್ ಅರ್ಧವಾಯಿತು, ಆಂಪ್ಸ್ ಮಾತ್ರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. 18 ಇಂಟು 14.5, ಅಂದರೆ 261 ವ್ಯಾಟ್. ಸರಿ, 37ಕ್ಕೇ ಏರಲಿ ಎಂದರೆ ಸಣ್ಣದು ಬಿಡುವುದಿಲ್ಲ. ಅದರ ವಿಓಸಿ ಬರೀ 22, ಅದನ್ನು ದಾಟಿದ ಕೂಡಲೇ ದೊಡ್ಡದರ ಕರೆಂಟ್ ಅದರೊಳಗೇ ಹಿಂದಕ್ಕೆ ಹರಿದು ಅದನ್ನು ಬಿಸಿ ಮಾಡುತ್ತದೆ.

ಸೀರೀಸ್ ಮಾಡಿದರೆ, ಅಂದರೆ ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಸೇರಿಸಿದರೆ? ವೋಲ್ಟೇಜ್ ಕೂಡುತ್ತದೆ, 55 ಆಗುತ್ತದೆ, ಆದರೆ ಆಂಪ್ಸ್ ಕಡಿಮೆ ಇರುವ ಪ್ಯಾನೆಲ್ಲಿನಷ್ಟೇ. 55 ಇಂಟು 5.5, ಸುಮಾರು 302. ಕಂಟ್ರೋಲರ್ ಜಾಸ್ತಿ ಆಂಪ್ಸ್ ಎಳೆಯಲು ಹೋದರೆ ಸಣ್ಣ ಪ್ಯಾನೆಲ್ಲಿನ ಬೈಪಾಸ್ ಡಯೋಡ್ (ಕರೆಂಟಿಗೆ ಪಕ್ಕದ ದಾರಿ ಕೊಡುವ ಭಾಗ) ಅದನ್ನು ಪಕ್ಕಕ್ಕಿಟ್ಟುಬಿಡುತ್ತದೆ, ಆಗ ದೊಡ್ಡದೊಂದೇ ದುಡಿಯುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ.

ಆದರೆ ಹಳೇ ಪ್ಯಾನೆಲ್ ಎಸೆಯಬೇಡಿ. ಅಂಥದ್ದೇ ಇನ್ನೊಂದು 100 ವ್ಯಾಟ್‌ನದು ಸಿಕ್ಕಿದರೆ ಆ ಎರಡು ಸಣ್ಣವನ್ನು ಸೀರೀಸ್ ಮಾಡಿ: 36 ವೋಲ್ಟ್, 5.5 ಆಂಪ್ಸ್. ಈಗ ಈ ಜೋಡಿಯನ್ನು 37 ವೋಲ್ಟಿನ ದೊಡ್ಡದಕ್ಕೆ ಪ್ಯಾರಲಲ್ ಕೊಡಿ. 36.5ರ ಹತ್ತಿರ 14.5 ಆಂಪ್ಸ್, ಅಂದರೆ 530 ವ್ಯಾಟ್‌ನಷ್ಟು, ಹೆಚ್ಚುಕಮ್ಮಿ ಪೂರ್ತಿ! ಈ ಜೋಡಣೆ ನನಗೆ ತುಂಬಾ ಇಷ್ಟ. ವ್ಯಾಟ್ ಬೇರೆ, ಸೈಜ್ ಬೇರೆ, ಆದರೂ ವೋಲ್ಟೇಜ್ ಹೊಂದಿತು ಅಂದರೆ ಸಾಕು. ಪ್ಯಾರಲಲ್‌ಗೆ ವಿಎಂಪಿ ಹೊಂದಬೇಕು, ಸೀರೀಸ್‌ಗೆ ಐಎಂಪಿ ಹೊಂದಬೇಕು. ನೂರಕ್ಕೆ ಐದರಷ್ಟು ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನೊಂದು ಸಿಗುವುದೇ ಇಲ್ಲ ಎಂದಾದರೆ ಸಣ್ಣದಕ್ಕೆ ಬೇರೆಯೇ ಒಂದು ಕಂಟ್ರೋಲರ್ ಹಾಕಿ, ಎರಡು ಕಂಟ್ರೋಲರ್‌ಗಳನ್ನೂ ಅದೇ ಬ್ಯಾಟರಿಗೆ ಕೊಡಿ. ಒಂದಕ್ಕೊಂದು ಜಗಳವಾಡುತ್ತವೆ ಎಂಬ ಭಯ ಬೇಡ. ಬ್ಯಾಟರಿ ಖಾಲಿ ಇರುವಾಗ ಎರಡರ ಆಂಪ್ಸೂ ಕೂಡುತ್ತವೆ, ತುಂಬುತ್ತಾ ಬಂದ ಹಾಗೆ ಒಂದು ಸ್ವಲ್ಪ ಮೊದಲು ಕೈಬಿಡಬಹುದು, ಅಷ್ಟೇ. ಎರಡರಲ್ಲೂ ಬ್ಯಾಟರಿ ಸೆಟ್ಟಿಂಗ್ ಒಂದೇ ಇರಲಿ. ಬ್ಯಾಟರಿ ಕಡೆಗೆ ಹೋಗುವ ಪ್ರತಿ ವೈರಿಗೂ ಅದರದ್ದೇ ಫ್ಯೂಸ್ ಇರಲಿ. ಎರಡೂ ಸೇರಿ ಬರುವ ಆಂಪ್ಸನ್ನು ಬ್ಯಾಟರಿ ತಡೆಯುತ್ತದಾ ಅಂತಲೂ ನೋಡಿಕೊಳ್ಳಿ.

ನಿಮ್ಮದು ಪಿಡಬ್ಲ್ಯುಎಂ ಕಂಟ್ರೋಲರ್, 12 ವೋಲ್ಟ್ ಬ್ಯಾಟರಿ ಆಗಿದ್ದರೆ ಕಥೆ ಬೇರೆ. ಅದು ಎಲ್ಲವನ್ನೂ ಬ್ಯಾಟರಿ ವೋಲ್ಟೇಜಿಗೇ ಎಳೆಯುತ್ತದೆ, 330 ವ್ಯಾಟ್ ಪ್ಯಾನೆಲ್ 120ರ ಆಸುಪಾಸು ಕೊಟ್ಟು ಸುಮ್ಮನಾಗುತ್ತದೆ.

ವೈರ್ ಜೋಡಿಸುವ ಮೊದಲು ಒಂದು ಲೆಕ್ಕ ತಪ್ಪದೆ ಮಾಡಿ. ಚಳಿಯಲ್ಲಿ ವಿಓಸಿ ಏರುತ್ತದೆ, 25 ಡಿಗ್ರಿಗಿಂತ ಕೆಳಗೆ ಒಂದೊಂದು ಡಿಗ್ರಿಗೂ ನೂರಕ್ಕೆ 0.3ರಷ್ಟು. ಮೂರು 46 ವೋಲ್ಟ್ ಪ್ಯಾನೆಲ್ ಸೀರೀಸ್ ಮಾಡಿದರೆ 138 ಆಯಿತು, 150 ವೋಲ್ಟ್ ತನಕ ತಡೆಯುವ ಕಂಟ್ರೋಲರ್‌ಗೆ ಸಾಕು ಅನಿಸುತ್ತದೆ ಅಲ್ವಾ? ಸೊನ್ನೆ ಡಿಗ್ರಿಯ ಬೆಳಗ್ಗೆ ಅದೇ 148 ಆಗುತ್ತದೆ. ಇನ್ನೊಂದಿಷ್ಟು ಚಳಿ ಬಿದ್ದರೆ ಬಿಸಿಲು ಮೂಡಿದ ಹೊತ್ತಿಗೆ ಕಂಟ್ರೋಲರ್ ಸುಟ್ಟುಹೋಗಬಹುದು.