ದಾರಿ ಶಿಲುಬೆ: ಗೋರಿಯೂ ಅಲ್ಲ, ವೀರಗಲ್ಲೂ ಅಲ್ಲ

ಇಂಗ್ಲೆಂಡಿನ ನೈಋತ್ಯದ ಕಾರ್ನ್‌ವಾಲ್, ಡಾರ್ಟ್‌ಮೂರ್ ಸುತ್ತಿ ಬಂದವರು ಅಲ್ಲಿನ ದಾರಿ ಶಿಲುಬೆಗಳ, ಅಂದ್ರೆ ದಾರಿಯಲ್ಲಿ ನೆಟ್ಟ ಹಳೇ ಕಲ್ಲಿನ ಶಿಲುಬೆಗಳ ಫೋಟೊ ಹಾಕಿ, ಕೆಳಗೆ 'ಇಂಗ್ಲೆಂಡಿನ ವೀರಗಲ್ಲು', ಇಲ್ಲವೇ 'ಗೋರಿ' ಅಂತ ಬರೆಯೋದನ್ನು ಓದಿ ಓದಿ ಸಾಕಾಗಿದೆ. ವೀರಗಲ್ಲು ಸತ್ತವನ ನೆನಪಿಗೆ. ದಾರಿ ಶಿಲುಬೆ ಇನ್ನೂ ನಡೆಯುತ್ತಿರುವವನ ಉಪಯೋಗಕ್ಕೆ: ಮಂಜು ಕವಿದಾಗ ಜವುಗಿಗೆ ಕಾಲಿಡದೆ ಸರಿಯಾದ ಕಡೆ ಹೋಗಲಿ, ಹೋಗ್ತಾ ದೇವರನ್ನೂ ನೆನೆಯಲಿ ಅಂತ. ಹೆಚ್ಚಿನವು 9ರಿಂದ 15ನೇ ಶತಮಾನದವು.

'ಶಿಲುಬೆ' ಶಿಲೆಯಿಂದ ಬಂತು ಅನ್ನೋದೂ ಸುಮ್ನೆ ಮಾತು. ಅದರ ಬೇರು ಪಶ್ಚಿಮ ಏಷ್ಯಾದ ಹಳೇ ಕ್ರೈಸ್ತರ ಸಿರಿಯಾಕ್ ಭಾಷೆಯ 'ಸ್ಲೀಬಾ'. ತಮಿಳಿನ 'ಸಿಲುವೈ' ಕೂಡ ಅಲ್ಲಿಂದಲೇ. ಮಂಗಳೂರಿನ ಕೊಂಕಣಿಯ 'ಖುರಿಸ್' ಬಂದದ್ದು ಪೋರ್ಚುಗೀಸಿನಿಂದ. ಲ್ಯಾಟಿನ್ 'ಕ್ರುಕ್ಸ್' ಮೂಲಕ ಅದು ಇಂಗ್ಲಿಷಿನ 'ಕ್ರಾಸ್'ಗೆ ನೆಂಟ, ನಮ್ಮ 'ಶಿಲುಬೆ'ಗೆ ಅಲ್ಲ. ಇನ್ನು ನಮ್ಮ ಬಸ್ ಸ್ಟಾಪಿನ 'ಕ್ರಾಸ್' ತಲೆಯಲ್ಲಿಟ್ಟುಕೊಂಡು, ಇವು ರಸ್ತೆ ಕೂಡುವಲ್ಲಿ ಮಾತ್ರ ಇರ್ತವೆ ಅಂದ್ಕೊಳ್ಳೋರೂ ಇದ್ದಾರೆ. ಕೂಡುದಾರಿಯಲ್ಲಿ ಇವೆ, ನಿಜ. ಬಟಾಬಯಲಲ್ಲೂ ಇವೆ, ಊರಿನ ಗಡಿಯಲ್ಲೂ ಇವೆ.

ಡಾರ್ಟ್‌ಮೂರಿನ ಸಿವಾರ್ಡ್ಸ್ ಕ್ರಾಸ್ ನೋಡಿ. ಏಳಡಿಗೂ ಎತ್ತರದ ಗ್ರಾನೈಟ್, ಮೈಮೇಲೆ ಸಿವಾರ್ಡ್ ಎಂಬ ಹೆಸರು, ಮುರಿದಿದ್ದನ್ನು ಕಬ್ಬಿಣದ ಪಟ್ಟಿ ಹಾಕಿ ಕೂಡಿಸಿದ ಗುರುತು. 1240ರಲ್ಲಿ ಅಲ್ಲಿನ ರಾಜಾರಣ್ಯದ ಎಲ್ಲೆ ಸುತ್ತಿ ಬರೆದಿಟ್ಟ ದಾಖಲೆಯಲ್ಲೇ ಇದು ಗಡಿ ಗುರುತಾಗಿ ಬರುತ್ತದೆ. ಬೆನೆಟ್ಸ್ ಕ್ರಾಸ್ ಮೇಲೆ 'ಡಬ್ಲ್ಯು ಬಿ' ಅಂತ ಎರಡಕ್ಷರ ಇದೆ. ಅದು ಯಾರ ಇನಿಷಿಯಲ್ಲೂ ಅಲ್ಲ. 'ವಾರನ್ ಬೌಂಡ್ಸ್', ಅಂದ್ರೆ ಮೊಲ ಸಾಕುವ ಜಾಗದ ಎಲ್ಲೆ ಅಂತ ಆಮೇಲೆ ಕೆತ್ತಿದ್ದು!

ಗೋರಿ ಅನ್ನೋರ ಬಳಿ ಒಂದು ಉದಾಹರಣೆ ಇದ್ದೇ ಇರ್ತದೆ: ಡಾರ್ಟ್‌ಮೂರಿನ ಚೈಲ್ಡ್ಸ್ ಟೂಂಬ್, ಅಂದ್ರೆ ಚೈಲ್ಡ್‌ನ ಗೋರಿ. ಒಪ್ಪಿದೆ, ಅಲ್ಲಿ ಶಿಲುಬೆಯ ಕೆಳಗೆ ನಿಜವಾಗಿಯೂ ಗೋರಿ ಇದೆ. ಆದರೆ ಅದು ಕ್ರೈಸ್ತ ಧರ್ಮ ಹುಟ್ಟುವ ಎಷ್ಟೋ ಕಾಲ ಮೊದಲಿನ ಕಲ್ಲುಪೆಟ್ಟಿಗೆ. ಹಿಮದಲ್ಲಿ ಸಿಕ್ಕಿಕೊಂಡ ಚೈಲ್ಡ್ ಎಂಬ ಬೇಟೆಗಾರ ಕುದುರೆ ಕೊಂದು ಅದರ ಹೊಟ್ಟೆಯೊಳಗೆ ಸೇರಿಕೊಂಡರೂ ಸತ್ತ ಅನ್ನೋದು ಜನ ಹೇಳುವ ಕಥೆ. ಹಳೇ ಶಿಲುಬೆಯನ್ನು 1812ರಲ್ಲಿ ಮನೆ ಕಟ್ಟೋಕೆ ಅಂತ ಕಿತ್ತರು. ಈಗ ನಿಂತಿರೋದು ಆಮೇಲಿನದು.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಚರ್ಚು ರೋಮಿನ ಪೋಪರಿಂದ ಬೇರೆಯಾದ ಮತ ಸುಧಾರಣೆಯ ನಂತರ ಎಷ್ಟೋ ಶಿಲುಬೆಗಳು ಬಿದ್ದವು, ಕೆಲವು ಹೊಲದ ಗೇಟಿನ ಕಂಬವಾದವು. 19ನೇ ಶತಮಾನದಲ್ಲಿ ಆಸಕ್ತರು ಹುಡುಕಿ ತಂದು ಹಲವನ್ನು ಚರ್ಚಿನ ಅಂಗಳದಲ್ಲಿ ನೆಟ್ಟರು. ಸುತ್ತ ಸಮಾಧಿಗಳಿದ್ದರೆ ನೋಡಿದವರಿಗೆ ಅದೂ ಸಮಾಧಿಯೇ ಅನ್ನಿಸ್ತದೆ, ಅಲ್ವಾ? ಅದಕ್ಕೇ ಫೋಟೊ ಹಾಕುವ ಮೊದಲು ಆ ಕಲ್ಲು ಮೊದಲು ಎಲ್ಲಿತ್ತು ಅಂತ ವಿಚಾರಿಸಿ.