ನಕ್ಷೆಗಿಂತ ಮೊದಲು ಮಣ್ಣು

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಹೊರವಲಯದ 30–40ರ ನಿವೇಶನದಲ್ಲಿ ಸಣ್ಣದೊಂದು ಮನೆ ಕಟ್ಟಿಸುವಾಗ, ಪಾಯ ಅಗೆದು ಬಂದ ಕೆಮ್ಮಣ್ಣನ್ನು ಹೊರಗೆ ಸಾಗಿಸಲು ನಾವು ಟ್ರ್ಯಾಕ್ಟರಿನವರಿಗೆ ಹಣ ಕೊಟ್ಟೆವು. ಅದಾದ ಹದಿನೈದೇ ದಿನಕ್ಕೆ, ಎಲ್ಲಿಯದೋ ಮಣ್ಣನ್ನು ಸುಟ್ಟು ಮಾಡಿದ ಇಟ್ಟಿಗೆಯನ್ನು ತರಿಸಲು ಲಾರಿಯವರಿಗೆ ಹಣ ಕೊಟ್ಟೆವು. ಹೊರಗೆ ಹೋದ ಮಣ್ಣೇ ಗೋಡೆಯಾಗಬಹುದಿತ್ತು ಎಂದು ತಿಳಿದದ್ದು ಗೃಹಪ್ರವೇಶ ಮುಗಿದ ಮೇಲೆ.

ಮಣ್ಣನ್ನು ಪರೀಕ್ಷಿಸಲು ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ಮೇಲ್ಪದರದ ಸಾರವಾದ ಮಣ್ಣನ್ನು ತೋಟಕ್ಕೆ ಬಿಟ್ಟು, ಅದರ ಕೆಳಗಿನದನ್ನು ಒಂದು ಗಾಜಿನ ಬಾಟಲಿಗೆ ಅರ್ಧದಷ್ಟು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಬೆರೆಸಿ, ಚೆನ್ನಾಗಿ ಕುಲುಕಿ ಇಡಬೇಕು. ಮರಳು ನೋಡನೋಡುತ್ತಿದ್ದಂತೆಯೇ ತಳ ಸೇರುತ್ತದೆ, ಅದರ ಮೇಲೆ ನಿಧಾನವಾಗಿ ನುಣುಪಾದ ಹೂಳು ಕೂರುತ್ತದೆ, ಜೇಡಿ ಮಾತ್ರ ಮರುದಿನದವರೆಗೂ ನೀರನ್ನು ಕದಡಿಯೇ ಇಡುತ್ತದೆ. ಬಾಟಲಿಯ ಹೊರಗಿನಿಂದಲೇ ಮೂರು ಪದರಗಳನ್ನು ಅಳೆಯಬಹುದು. ಇದು ಅಂದಾಜಷ್ಟೇ ಆದರೂ ಜೇಡಿ ಹೆಚ್ಚೋ ಮರಳು ಹೆಚ್ಚೋ ಎಂಬುದು ಗೊತ್ತಾಗುತ್ತದೆ.

ಎಷ್ಟು ಜೇಡಿ ಎಂಬುದರ ಜೊತೆಗೆ ಯಾವ ಜೇಡಿ ಎಂಬುದೂ ಮುಖ್ಯ. ಜೇಡಿಯ ಕಣಗಳು ತೆಳುಹಾಳೆಗಳ ಕಟ್ಟಿನಂತಿರುತ್ತವೆ. ನಮ್ಮ ಕೆಮ್ಮಣ್ಣಿನಲ್ಲಿ ಹೆಚ್ಚಾಗಿರುವ ಕೆಯೊಲಿನೈಟ್ ಎಂಬ ಖನಿಜದ ಹಾಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುವುದರಿಂದ ನೀರು ಅವುಗಳ ನಡುವೆ ನುಗ್ಗುವುದಿಲ್ಲ. ಎರೆ ಮಣ್ಣಿನ ಮಾಂಟ್‌ಮೊರಿಲೊನೈಟ್‌ನಲ್ಲಾದರೋ ಈ ಹಿಡಿತ ಸಡಿಲ. ನೀರು ಹಾಳೆಗಳ ನಡುವೆ ಸೇರಿ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಅದೇ ನೀರು ಆರಿದಾಗ ಕೈ ಇಳಿಯುವಷ್ಟು ಅಗಲದ ಬಿರುಕು ಬಿಡುತ್ತದೆ. ಆದ್ದರಿಂದ ಕೆಮ್ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿದರೆ ಗೋಡೆಗೆ ಒಳ್ಳೆಯ ಸರಕು ಸಿಗುತ್ತದೆ, ಎರೆ ಮಣ್ಣಿಗೆ ಸಿಮೆಂಟಿಗಿಂತ ಸುಣ್ಣ ಒಗ್ಗುತ್ತದೆ.

ಕೆಮ್ಮಣ್ಣಿನ ಈ ಗುಣವನ್ನು ಶಾಸ್ತ್ರೀಯವಾಗಿ ಬಳಸಿಕೊಂಡವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಪ್ರಮುಖರು. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಅಲ್ಲಿ ಆರಂಭವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು, ತುಸು ತೇವದ ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿ ತೆಗೆಯುವ ಮಣ್ಣಿನ ಬ್ಲಾಕುಗಳನ್ನು ರೂಪಿಸಿದರು. ಸುಮಾರು 8 ಕಿಲೋ ತೂಗುವ ಒಂದು ಬ್ಲಾಕಿಗೆ ಅರ್ಧ ಕಿಲೋ ಚಿಲ್ಲರೆ ಸಿಮೆಂಟು ಸಾಕು. ಮೂರು ವಾರ ಹುಲ್ಲು ಮುಚ್ಚಿ ನೀರು ಹನಿಸುತ್ತಿದ್ದರೆ ಬ್ಲಾಕು ಗಟ್ಟಿಯಾಗುತ್ತದೆ, ಗೂಡಿನ ಬೆಂಕಿಯ ಅಗತ್ಯವೇ ಇಲ್ಲ. 2003ರಲ್ಲಿ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಪ್ರಕಟಿಸಿದ ಲೆಕ್ಕದಂತೆ, ಒಂದು ಘನ ಮೀಟರ್ ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವ ಶಕ್ತಿ ಸುಮಾರು 2,140 ಮೆಗಾಜೂಲ್. ಮಣ್ಣಿನ ಬ್ಲಾಕಿನ ಗೋಡೆಗೆ 650ರಿಂದ 800. ಇಷ್ಟಾದರೂ ನಮ್ಮ ಮೇಸ್ತ್ರಿಗಳಲ್ಲಿ ಅನೇಕರು 'ಮಣ್ಣಿನ ಮನೆಯೇ?' ಎಂದು ಮುಖ ಸಿಂಡರಿಸುತ್ತಾರೆ. ಮನೆ ಕಟ್ಟಿಸುವವರೂ ಹಿಂದೆ ಬಿದ್ದಿಲ್ಲ, ನಾವೂ ಅವರಲ್ಲಿ ಒಬ್ಬರಾಗಿದ್ದೆವು.

ಆದರೆ ಮಣ್ಣಿನ ಬ್ಲಾಕು ಎಲ್ಲ ಊರಿಗೂ ಸಲ್ಲುವ ಉತ್ತರವೆಂದುಕೊಂಡರೆ ಅದೂ ತಪ್ಪೇ. ಬಳ್ಳಾರಿ, ಚಿತ್ರದುರ್ಗದ ಕಡೆಯ ಹಳೆಯ ಮಾಳಿಗೆ ಮನೆಗಳನ್ನು ನೋಡಬೇಕು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸೊಪ್ಪುಸದೆ, ಅದರ ಮೇಲೆ ದಪ್ಪನೆಯ ಮಣ್ಣು, ಎಲ್ಲಕ್ಕೂ ಮೇಲೆ ಸವುಳು ಮಣ್ಣಿನ ಒಂದು ಪದರ. ಹೊಲದಲ್ಲಿ ಕಂಡರೆ ರೈತ ಶಪಿಸುವ ಮಣ್ಣು ಇದು. ಇದರಲ್ಲಿ ಸೋಡಿಯಂ ಹೆಚ್ಚಿರುವುದರಿಂದ ನೀರು ಬಿದ್ದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಚದುರಿ, ಸಣ್ಣ ಸಣ್ಣ ರಂಧ್ರಗಳಲ್ಲಿ ಕೂತು ಅವುಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗದೆ ಪೈರು ಸಾಯುವುದು ಇದೇ ಕಾರಣಕ್ಕೆ, ಮಾಳಿಗೆ ಸೋರದಿರುವುದೂ ಇದೇ ಕಾರಣಕ್ಕೆ! ಹಗಲು ಸುಡುವ, ರಾತ್ರಿ ತಣಿಯುವ ಆ ಒಣ ಸೀಮೆಯಲ್ಲಿ ದಪ್ಪ ಮಣ್ಣು ಹಗಲಿನ ಶಾಖವನ್ನು ತನ್ನಲ್ಲೇ ತಡೆದಿಟ್ಟುಕೊಂಡು, ಹೊರಗೆ ತಂಪಾದ ಹೊತ್ತಿಗೆ ಬಿಟ್ಟುಕೊಡುತ್ತದೆ.

ಇದೇ ಮಾಳಿಗೆಯನ್ನು ಮಂಗಳೂರಿಗೆ ಒಯ್ದರೆ ಮೊದಲ ಮಳೆಗಾಲದಲ್ಲೇ ಕುಸಿದೀತು. ಮಳೆಯನ್ನು ಹೇಗೋ ತಡೆದರೂ ಪ್ರಯೋಜನವಿಲ್ಲ. ಕರಾವಳಿಯಲ್ಲಿ ಹಗಲಿಗೂ ರಾತ್ರಿಗೂ ಉಷ್ಣತೆಯ ಅಂತರ ಕಡಿಮೆಯಾದ್ದರಿಂದ ದಪ್ಪ ಚಾವಣಿಗೆ ತಣಿಯಲು ಸಮಯವೇ ಸಿಗುವುದಿಲ್ಲ. ಅಲ್ಲಿ ಬೇಕಾದದ್ದು ಬೆವರನ್ನು ಆರಿಸುವ ಗಾಳಿ. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಮಾಡಲಾರಂಭಿಸಿದ ಹೆಂಚು ತೆಳುವಾಗಿ, ಬೇಗ ತಣಿಯುವಂಥದಾಗಿ, ಸಂದಿಗಳಲ್ಲಿ ಬಿಸಿಗಾಳಿಯನ್ನು ಹೊರಬಿಡುವಂಥದಾಗಿ ಅಲ್ಲಿನ ಇಳಿಜಾರು ಮಾಡಿಗೆ ಹೊಂದಿಕೊಂಡಿತು. ಸೂರನ್ನು ಗೋಡೆಯಿಂದ ಆಚೆಗೆ ಚಾಚಿದರೆ ಕೆಂಪುಕಲ್ಲಿನ ಗೋಡೆಗೆ ಗಾಳಿಮಳೆಯ ಎರಚಲೂ ಅಷ್ಟಾಗಿ ತಗಲದು.

ಸೂರ್ಯನ ಲೆಕ್ಕವನ್ನೂ ಊರಿನಿಂದ ಊರಿಗೆ ಬೇರೆಯಾಗಿಯೇ ಹಾಕಬೇಕು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ನಿಂತು, ಆಮೇಲೆ ಆಗಸ್ಟ್ ಮಧ್ಯಭಾಗದವರೆಗೆ ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣದ ಕಡೆ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಹಾಗಾಗಿ ಬೇಸಿಗೆಯಲ್ಲಿ ದಕ್ಷಿಣದ ಕಿಟಕಿಗೆ ಎರಡು ಅಡಿಯ ಸಜ್ಜಾ ಧಾರಾಳವಾಯಿತು. ಬಿಸಿಲು ನೆಟ್ಟಗೆ ಬೀಳುವುದು ಚಾವಣಿಯ ಮೇಲೆ; ಒಂದೇ ಅಂತಸ್ತಿನ ಸಣ್ಣ ಮನೆಯಲ್ಲಿ ಎಲ್ಲ ಕೋಣೆಗಳೂ ಅದರ ಕೆಳಗೇ ಇರುವುದರಿಂದ, ದೊಡ್ಡ ಮನೆಗಿಂತ ಅದು ಬೇಗ ಬಿಸಿಯಾಗುತ್ತದೆ. ತಾರಸಿಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದು ಇದಕ್ಕೆ ಅಗ್ಗದ ಉಪಾಯ.

ಯಾವ ಸಜ್ಜಾಕ್ಕೂ ಬಗ್ಗದ್ದು ಪಡುವಣದ ಇಳಿಬಿಸಿಲು. ಒಂಬತ್ತು ಇಂಚಿನ ಗೋಡೆಯನ್ನು ಶಾಖ ದಾಟಲು ಆರೇಳು ಗಂಟೆ ಹಿಡಿಯುತ್ತದೆ. ನಾವು ಮಲಗುವ ಕೋಣೆಯನ್ನು ಪಶ್ಚಿಮಕ್ಕೇ ಇಟ್ಟುಬಿಟ್ಟಿದ್ದೇವೆ. ಸಂಜೆ ನಾಲ್ಕರ ಬಿಸಿಲು ರಾತ್ರಿ ಹತ್ತು ದಾಟಿದ ಮೇಲೆ ನಮ್ಮ ಹಾಸಿಗೆಯ ಪಕ್ಕಕ್ಕೆ ಬರುತ್ತದೆ, ಗೋಡೆಗೆ ಅಂಗೈ ಇಟ್ಟರೆ ಬೆಚ್ಚಗಿರುತ್ತದೆ. ಕಟ್ಟಿದ ಗೋಡೆಯನ್ನು ತಿರುಗಿಸಲಾಗದು ಎಂದು ಆ ಬದಿಗೆ ಒಂದು ಹೊಂಗೆ ನೆಟ್ಟೆವು. ಯುಗಾದಿಯ ಹೊತ್ತಿಗೆ ಚಿಗುರಿ ಏಪ್ರಿಲಿನಲ್ಲಿ ದಟ್ಟ ನೆರಳಾಗುವ ಮರ ಅದು. ಈ ವರ್ಷ ಕಿಟಕಿಯ ಎತ್ತರಕ್ಕೆ ಬಂದಿದೆ.