ಆಂಟೆನಾದ ಅರ್ಧ ಮಣ್ಣಿನಲ್ಲಿದೆ

ಹಾಸನದ ಕಡೆಯ ತೋಟದ ಮನೆಯಿಂದ ಫೋನ್ ಬಂತು. ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಪಡೆದ ಹುಡುಗ. "ಸರ್, ಮೊದಲು ಎಸ್‌ಡಬ್ಲ್ಯೂಆರ್ ಸರಿಯಾಗಿ 1 ಇತ್ತು. ನೀವು ಹೇಳಿದ ಹಾಗೆ ನೆಲದಲ್ಲಿ ವೈರ್ ಹೂತ ಮೇಲೆ 1.25 ಆಗಿದೆ. ಕಿತ್ತುಬಿಡ್ಲಾ?"

ಬೇಡಪ್ಪ, ಈಗಲೇ ಅದು ಸರಿಯಾಗಿರೋದು ಅಂದೆ. ಎಸ್‌ಡಬ್ಲ್ಯೂಆರ್ ಅಂದರೆ ಕೇಬಲ್ಲಿಗೂ ಆಂಟೆನಾಕ್ಕೂ ಎಷ್ಟು ಹೊಂದಿಕೆ ಇದೆ ಅನ್ನೋ ಅಳತೆ; 1 ಅಂದರೆ ಪೂರ್ತಿ ಹೊಂದಿಕೆ.

ಅವನದು 40 ಮೀಟರ್ ತರಂಗಾಂತರದ ಬ್ಯಾಂಡಿಗೆ ನೆಟ್ಟಗೆ ನಿಲ್ಲಿಸಿದ, ಸುಮಾರು 10 ಮೀಟರ್ ಎತ್ತರದ ಆಂಟೆನಾ. ಇದರ ಇನ್ನರ್ಧ ನೆಲವೇ. ಕರೆಂಟ್ ಸುತ್ತಲಿನ ಮಣ್ಣಿನ ಮೂಲಕ ಬುಡಕ್ಕೆ ವಾಪಸ್ ಬರಬೇಕು. ದಾರಿಯಲ್ಲಿ ಮಣ್ಣು ಅದರ ಶಕ್ತಿಯಲ್ಲಿ ಒಂದಷ್ಟನ್ನು ಶಾಖವಾಗಿ ನುಂಗುತ್ತದೆ. ನಷ್ಟವೇ ಇಲ್ಲದಿದ್ದರೆ ಈ ಆಂಟೆನಾ ಸುಮಾರು 36 ಓಮ್. ಮಣ್ಣಿನ ನಷ್ಟ 14 ಓಮ್ ಸೇರಿದರೆ 50. ಕೇಬಲ್ಲೂ 50 ಓಮ್, ಹಾಗಾಗಿ ಮೀಟರ್ 1 ತೋರಿಸುತ್ತದೆ. ಆದರೆ 100 ವಾಟ್‌ನಲ್ಲಿ 28 ವಾಟ್ ಮಣ್ಣುಪಾಲು. ವೈರ್ ಹೂತು ನಷ್ಟ 4 ಓಮ್‌ಗೆ ಇಳಿದರೆ ಒಟ್ಟು 40, ಮೀಟರ್ 1.25. ಈಗ ಮಣ್ಣಿಗೆ ಹೋಗೋದು 10 ವಾಟ್ ಮಾತ್ರ. ಮೀಟರ್ ಒಂದನ್ನೇ ನಂಬಿದರೆ ಒಳ್ಳೆಯ ಕೆಲಸವನ್ನೇ ಕಿತ್ತುಹಾಕುತ್ತೇವೆ, ಅಲ್ವಾ?

ಎಎಂ ರೇಡಿಯೋ ಕೇಂದ್ರಗಳು ಮಾಸ್ಟ್ (ಆಂಟೆನಾ ಗೋಪುರ) ಬುಡದಿಂದ ಸುತ್ತಲೂ ಹರಡುವಂತೆ 120 ತಂತಿ ಹೂಳುವ ರೂಢಿಯ ಹಿಂದೆ 1937ರ, ಅಮೆರಿಕದ ರೇಡಿಯೋ ಕಂಪನಿ ಆರ್‌ಸಿಎಯ ಎಂಜಿನಿಯರ್‌ಗಳ ಅಳತೆಗಳಿವೆ. ಮನೆಗೆ ಅಷ್ಟು ಬೇಡ. ಮನೆ ವೈರಿಂಗಿನ 1 ಚದರ ಮಿಮೀ ವೈರ್ ಸಾಕು, ಪ್ಲಾಸ್ಟಿಕ್ ಸುಲಿಯಬೇಕಿಲ್ಲ. 90 ಮೀಟರ್‌ನ ಒಂದು ಕಾಯಿಲ್‌ನಲ್ಲಿ ಐದೂವರೆ ಮೀಟರ್‌ನ 16 ತುಂಡು ಬರುತ್ತವೆ. ಅಷ್ಟೇ ವೈರನ್ನು ಉದ್ದವಾಗಿ ನಾಲ್ಕೇ ತುಂಡು ಮಾಡಬೇಡಿ. ಬುಡದ ಹತ್ತಿರವೇ ಕರೆಂಟ್ ಜಾಸ್ತಿ, ಅಲ್ಲೇ ತಂತಿ ಒತ್ತೊತ್ತಾಗಿರಬೇಕು. ಅಳತೆ ಅರ್ಧ ಅಡಿ ಹೆಚ್ಚುಕಮ್ಮಿಯಾದರೂ ಚಿಂತೆಯಿಲ್ಲ.

ಆಳ ಎರಡು ಇಂಚು, ಅದಕ್ಕಿಂತ ಕೆಳಗೆ ಹೋದರೆ ಲಾಭವಿಲ್ಲ. ಮೊದಲ ಮಳೆ ಬಿದ್ದ ಮೇಲೆ ಗುದ್ದಲಿಯಿಂದ ಸೀಳು ಬಿಡಿಸಿ, ವೈರ್ ಒತ್ತಿ, ಕಾಲಲ್ಲಿ ಮುಚ್ಚಿ. ಗಿಡದ ಪಾತಿ ಅಗೆಯುವ ಜಾಗ ಬಿಟ್ಟು ಹಾಕಿ. ಬುಡದಲ್ಲಿ ಸ್ಟೀಲ್ ಪ್ಲೇಟ್ ಇಟ್ಟು ಎಲ್ಲವನ್ನೂ ಸ್ಟೇನ್‌ಲೆಸ್ ಬೋಲ್ಟಿನಿಂದ ಬಿಗಿಯಿರಿ. ಬೆಸುಗೆಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ, ಒದ್ದೆ ಮಣ್ಣಿನಲ್ಲಿ ಅದು ತಿಂದುಹೋಗುತ್ತದೆ.

ಸಿಡಿಲಿನ ಅರ್ತಿಂಗ್ ಬೇರೆ ಕೆಲಸ. ಈ ತಂತಿಗಳು ಇವೆ ಅಂತ ಅರ್ತ್ ರಾಡ್ ಬಿಡಬೇಡಿ. ರಾಡ್, ಪ್ಲೇಟ್, ಮನೆಯ ಅರ್ತಿಂಗ್ ಮೂರನ್ನೂ ದಪ್ಪ ತಾಮ್ರದಿಂದ ಒಂದಕ್ಕೊಂದು ಜೋಡಿಸಿ. ಬೇರೆ ಬೇರೆ ಇದ್ದರೆ ಸಿಡಿಲಿನ ಕರೆಂಟ್ ರೇಡಿಯೋ ಸೆಟ್‌ನ ಮೂಲಕವೇ ದಾರಿ ಹುಡುಕುತ್ತದೆ. ಜೋಡಿಸಿದ ಮೇಲೂ, ಮೋಡ ಕಟ್ಟಿದಾಗಲೇ ಕೇಬಲ್ ಕಳಚಿ ಮನೆಯ ಹೊರಗಿಡಿ.